ರೇವತಿಯ ಕೊನೆಯ ರೇಟು

ಹದಿನಾಲ್ಕು ವರ್ಷದಲ್ಲಿ ರೇವತಿ ಒಂದು ರೊಟ್ಟಿಯ ಬೆಲೆಯನ್ನೂ ಇಳಿಸಿದವಳಲ್ಲ. ಕಗ್ಗದಾಸಪುರದ ಪಿಜಿಯವರು, ವಿಮಾನಪುರದ ಮೆಸ್ಸಿನವರು, ನೂರಕ್ಕೆ ಹತ್ತು ಹೆಚ್ಚಿಗೆ ಹಾಕಮ್ಮ ಎಂದು ಹಲ್ಲು ಗಿಂಜುವ ಕೇಟರಿಂಗ್‌ನವರು, ಎಲ್ಲರೂ ಒಂದು ಕೈ ನೋಡಿ ಸೋತಿದ್ದರು. ಜೋಳದ ರೊಟ್ಟಿಗೆ ಹನ್ನೆರಡು ರೂಪಾಯಿ ಎಂದರೆ ಹನ್ನೆರಡು. ಹನ್ನೊಂದಕ್ಕೆ ಮಾಡ್ಕೊಳ್ಳಮ್ಮ ಎಂದು ಯಾರಾದರೂ ಬಾಯಿ ತೆರೆದರೆ ಅವಳು ಜಗಳಕ್ಕೆ ನಿಲ್ಲುತ್ತಿರಲಿಲ್ಲ, ಸುಮ್ಮನೆ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದಳು. ಅವಳು ಬಟ್ಟೆ ಮುಚ್ಚುವ ರೀತಿ ನೋಡಿಯೇ ಎಂಥ ಜಿಪುಣನೂ ದುಡ್ಡು ತೆಗೆಯುತ್ತಿದ್ದ.

ಇಂಥ ಹೆಂಗಸಿಗೆ ಒಂದು ಮನೆಯ ವ್ಯಾಪಾರ ಏನು ಮಹಾ ಎಂದು ಯಾರಿಗಾದರೂ ಅನ್ನಿಸಬೇಕು. ಅವಳಿಗೂ ಹಾಗೆಯೇ ಅನ್ನಿಸಿತ್ತು. ಅಡ್ಡಿ ಇದ್ದದ್ದು ಒಂದೇ, ಗಂಡನ ಬಾಯಿ.

ಗಂಡ ಶಿವಪುತ್ರ ಗಾರೆ ಮೇಸ್ತ್ರಿ. ಯಾದಗಿರಿ ಕಡೆಯಿಂದ ಮದುವೆಯಾದ ವರ್ಷವೇ ಇಬ್ಬರೂ ಬೆಂಗಳೂರಿಗೆ ಬಂದವರು. ಕೆಲಸದಲ್ಲಿ ಅವನ ಕೈಗೆ ಸಾಟಿಯಿಲ್ಲ, ಆದರೆ ಗೋಡೆಯೊಂದು ಕಣ್ಣಿಗೆ ಬಿದ್ದರೆ ಅದರ ಬಗ್ಗೆ ನಿಜ ಹೇಳದೆ ಇರಲಾರ. ಮೊದಲು ಲಿಂಗರಾಜಪುರದಲ್ಲಿ ಒಂದು ಹಳೆಯ ಮನೆ ನೋಡಲು ಹೋದಾಗ ಅದರ ಗಾರೆ ಸವರಿ ನೋಡಿ, "ಇಂಥ ಕೈಗೆಲಸ ಈಗೆಲ್ಲಿ ಸಿಗ್ತದ ಸಾರ್, ನೀವು ಇದನ್ನ ಮಾರಬ್ಯಾಡ್ರಿ" ಎಂದುಬಿಟ್ಟ. ಮಾಲೀಕ ಮಾರಲಿಲ್ಲ. ಆಮೇಲೆ ಕೆ.ಆರ್. ಪುರದಲ್ಲಿ ಇನ್ನೊಂದು ಮನೆ. ಅಲ್ಲಿ ದಾರಕ್ಕೆ ಕಟ್ಟಿದ ತೂಕದ ಗುಂಡು ಇಳಿಬಿಟ್ಟು, ನಿಮ್ಮ ಕಂಬ ಒಂದೂವರೆ ಇಂಚು ಓರೆ ಇದೆ ಎಂದು ಮಾಲೀಕನ ಬೀಗರ ಎದುರಿಗೇ ತೋರಿಸಿದ. ಕಾಫಿಯೂ ಬರಲಿಲ್ಲ, ಮನೆಯೂ ಬರಲಿಲ್ಲ. ಬಾಯಿ ಬಿಟ್ಟರೆ ಬಣ್ಣಗೇಡು ಅನ್ನುವ ಮಾತನ್ನು ಇಂಥವನೊಬ್ಬನನ್ನು ನೋಡಿಯೇ ಯಾರೋ ಕಟ್ಟಿರಬೇಕು ಎಂದು ರೇವತಿ ಅಂದುಕೊಂಡಳು.

ಅವಳಿಗೆ ಮನೆ ಬೇಕಾದದ್ದು ಶೋಕಿಗಲ್ಲ. ಬೆಳಗಿನ ನಾಲ್ಕಕ್ಕೆ ಎದ್ದು ಅವಳು ರೊಟ್ಟಿ ಬಡಿಯಬೇಕು, ಬಡಿದರೆ ಸದ್ದಾಗುತ್ತದೆ, ಸದ್ದಾದರೆ ಮೇಲಿನ ಮನೆಯವರು, ಕೆಳಗಿನ ಮನೆಯವರು, ಪಕ್ಕದ ಗೋಡೆಯವರು ದೂರು ಹೇಳುತ್ತಾರೆ. ಹದಿನಾಲ್ಕು ವರ್ಷದಲ್ಲಿ ಆರು ಬಾಡಿಗೆ ರೂಮು ಬದಲಾಗಿದ್ದವು, ಆರಕ್ಕೂ ಕಾರಣ ರೊಟ್ಟಿಯ ಸದ್ದು. ಈಗಿನ ರೂಮಿನವರೂ ತಿಂಗಳ ಕೊನೆಗೆ ಖಾಲಿ ಮಾಡಿ ಎಂದಿದ್ದರು. ಇನ್ನೊಬ್ಬರ ನಿದ್ದೆಗೆ ಹೆದರಿ ಮೆಲ್ಲಗೆ ಬಡಿದ ರೊಟ್ಟಿ ರೊಟ್ಟಿಯೇ ಅಲ್ಲ ಎಂಬುದು ಅವಳ ಸಿಟ್ಟು. ತನ್ನದೇ ನೆಲದ ಮೇಲೆ ಕೂತು, ಕೈತುಂಬ ಬಡಿಯಬೇಕು. ಅಷ್ಟೇ ಆಸೆ, ಆದರೆ ಗಟ್ಟಿ ಆಸೆ.

ಮೂರನೆಯ ಮನೆಯನ್ನು ತೋರಿಸಿದವನು ಜಾಫರ್, ಶಿವಾಜಿನಗರದ ಬ್ರೋಕರ್. ಕಗ್ಗದಾಸಪುರದಲ್ಲೇ, ಆಟೊ ಬಿಟ್ಟರೆ ಬೇರೇನೂ ನುಗ್ಗದ ಒಂದು ಅಡ್ಡರಸ್ತೆಯ ಕೊನೆಯಲ್ಲಿ ಹದಿನೈದಕ್ಕೆ ಇಪ್ಪತ್ತೈದು ಅಡಿಯ ಸೈಟು. ಅದರಲ್ಲಿ ಒಂದು ಹಾಲು, ಒಂದು ರೂಮು, ಸೈಟಿನ ಅಳತೆಗೆ ಹೊಂದದಷ್ಟು ದೊಡ್ಡ ಅಡುಗೆಮನೆ. ಒಂದು ಪಕ್ಕ ಮೋರಿ, ಇನ್ನೊಂದು ಪಕ್ಕ ಗೋದಾಮು. ಸದ್ದಿಗೆ ದೂರು ಹೇಳುವ ಕಿವಿಯೇ ಇಲ್ಲ. ಅಡುಗೆಮನೆಯಲ್ಲಿ ನಿಂತು ರೇವತಿ ಇಲ್ಲಿ ಮೂರು ಒಲೆ ಇಡಬಹುದು ಎಂದು ಮನಸ್ಸಿನಲ್ಲೇ ಅಳೆದಳು. ಮುಖದ ಮೇಲೆ ಮಾತ್ರ ಏನೂ ತೋರಿಸಲಿಲ್ಲ. ಆ ಅಡುಗೆಮನೆಯ ಒಂದು ಗೋಡೆ ಹಸಿಯಾಗಿ, ಬಣ್ಣ ಹಪ್ಪಳದಂತೆ ಎದ್ದಿತ್ತು.

ಮನೆಯ ಯಜಮಾನರು ಅಂಜನಮೂರ್ತಿ, ವಿಮಾನ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಹೊಸಕೋಟೆ ಕಡೆ ದೊಡ್ಡ ಸೈಟು ತೆಗೆದುಕೊಂಡು ಮನೆ ಕಟ್ಟಿಸುತ್ತಿದ್ದರು, ಅದಕ್ಕೆ ಇದನ್ನು ಮಾರುತ್ತಿದ್ದರು. ಅವರು ಹೇಳಿದ್ದು ನಲವತ್ತೆರಡು ಲಕ್ಷ. ರೇವತಿಯ ಹತ್ತಿರ ಇದ್ದದ್ದು ಮೂವತ್ತೆಂಟು. ಉಳಿತಾಯ, ಒಡವೆ ಮಾರಿದ ದುಡ್ಡು, ಎತ್ತಿದ ಚೀಟಿ, ಬ್ಯಾಂಕು ಕೊಡಲು ಒಪ್ಪಿದ ಸಾಲ ಎಲ್ಲ ಸೇರಿ ಅಷ್ಟು. ಅದರ ಮೇಲೆ ಒಂದು ರೂಪಾಯಿ ಎಂದರೂ ಬಡ್ಡಿಯವರ ಬಾಗಿಲು ತಟ್ಟಬೇಕು, ಆ ಬಾಗಿಲು ತಟ್ಟುವವಳಲ್ಲ ಅವಳು. ಮೂವತ್ನಾಲ್ಕರಿಂದ ಶುರು ಮಾಡಿ ಮೂವತ್ತೆಂಟರೊಳಗೆ ಮುಗಿಸಬೇಕು ಎಂದು ನಿರ್ಧರಿಸಿಕೊಂಡೇ ಭಾನುವಾರ ಗಂಡನನ್ನು ಕರೆದುಕೊಂಡು ಹೋದಳು. ದಾರಿಯಲ್ಲಿ ಒಂದೇ ಕಟ್ಟಪ್ಪಣೆ.

"ಅಲ್ಲಿ ನೀವು ಬಾಯಿ ತೆರೀಬ್ಯಾಡ್ರಿ. ನೀರು ಕೊಟ್ರ ಕುಡೀಲಿಕ್ಕ ಅಷ್ಟೇ ತೆರೀರಿ."

ಶಿವಪುತ್ರ ತಲೆಯಾಡಿಸಿದ, ಮಾತನ್ನೂ ಉಳಿಸಿಕೊಂಡ. ಹಸಿ ಗೋಡೆಯ ಮುಂದೆ ಹತ್ತು ನಿಮಿಷ ನಿಂತ, ಬೆರಳ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದ, ಕೆನ್ನೆ ತಾಗಿಸಿ ನೋಡಿದ. ತುಟಿ ಎರಡು ಸಲ ಅಲುಗಿತು. ರೇವತಿ ಕೆಮ್ಮಿದಳು. ಅವನು ಬಂದು ಕುರ್ಚಿಯಲ್ಲಿ ಕೂತ.

"ಈ ಗೋಡೆ ಒಂದಿಲ್ಲ ಅಂದಿದ್ರೆ ನಲವತ್ತೆರಡಕ್ಕೆ ಒಂದ್ ಪೈಸೆ ಕಮ್ಮಿ ಮಾಡ್ತಿರ್ಲಿಲ್ಲ," ಎಂದರು ಅಂಜನಮೂರ್ತಿ. "ಎಂಜಿನಿಯರ್ ಒಬ್ಬ ಬಂದು ನೋಡ್ಬಿಟ್ಟು, ಪಾಯದಿಂದ ನೀರು ಹತ್ತುತ್ತಾ ಇದೆ, ನಾಲ್ಕು ಲಕ್ಷ ಖರ್ಚಿದೆ ಅಂದ. ಮುಚ್ಚಿಟ್ಟು ಮಾರೋದು ನನಗಾಗಲ್ಲಮ್ಮ. ಇರೋದ್ ಹೇಳಿದೀನಿ, ನೋಡಿ ನೀವೊಂದು ಮಾತು ಹೇಳಿ."

"ಮೂವತ್ನಾಲ್ಕು ಸಾರ್."

ಜಾಫರ್ ಕಿಟಕಿಯ ಕಡೆ ನೋಡಿದ. ಅಂಜನಮೂರ್ತಿ ಹೆಂಡತಿ ಆದಿಲಕ್ಷ್ಮಿಯ ಮುಖ ನೋಡಿದರು. ಆಕೆ ಹಸಿ ಗೋಡೆಯನ್ನು ನೋಡಿ ನಿಟ್ಟುಸಿರು ಬಿಟ್ಟರು.

"ಮೂವತ್ತಾರು ಮಾಡ್ಕೊಳ್ಳಿ," ಎಂದರು ಅಂಜನಮೂರ್ತಿ.

ಅಲ್ಲೇ ಎಲೆ ಅಡಿಕೆ ಬದಲಾಯಿಸಬೇಕಿತ್ತು. ಅವಳ ಮಿತಿಗಿಂತ ಎರಡು ಲಕ್ಷ ಕಡಿಮೆಗೆ ಮನೆ ಬಾಗಿಲಿಗೆ ಬಂದು ನಿಂತಿತ್ತು. ಆದರೆ ಹದಿನಾಲ್ಕು ವರ್ಷದ ಚಾಳಿ, ಕೈ ತಾನಾಗಿಯೇ ಬುಟ್ಟಿಗೆ ಬಟ್ಟೆ ಮುಚ್ಚಿತು. ಮೂರು ದಿನ ಬಿಟ್ಟರೆ ಮೂವತ್ತಾರು ಮೂವತ್ತೈದಾಗಿ ಹಣ್ಣಾಗುತ್ತದೆ ಎಂದು ಅವಳ ಎಣಿಕೆ.

"ಬುಧವಾರ ಬಂದು ಹೇಳ್ತೀವಿ ಸಾರ್," ಎಂದು ಎದ್ದಳು.

ಅವತ್ತು ಮಧ್ಯಾಹ್ನ ಶಿವಪುತ್ರ ತಟ್ಟೆಯ ಮುಂದೆ ಕೂತು ರೊಟ್ಟಿ ಮುರಿದು ಮುರಿದು ಹಾಗೇ ಇಟ್ಟ.

"ಯಾಕ, ಊಟ ಸೇರವಲ್ದಾ?"

"ಆ ಗ್ವಾಡಿ ಪಾಯದಿಂದ ಹಸಿ ಆಗಿಲ್ಲ," ಎಂದ. "ಪಾಯದ ನೀರಾಗಿದ್ರ ಬುಡದಾಗ ಜಾಸ್ತಿ ಇರ್ತಿತ್ತು. ಇಲ್ಲಿ ಎದಿ ಮಟ್ಟದಾಗ ಹಸಿ ಅದ, ಕೆಳಗ ಬಂದಂಗ ಕಮ್ಮಿ ಆಗ್ಯಾದ. ಟ್ಯಾಂಕಿನ ಪೈಪು ಗ್ವಾಡಿ ಒಳಗ ಇಳದಾದ, ಅದು ತಿರುಗೋ ಕಡೆ ಹಾಕಿದ ಎಲ್ಬೋ ಸೀಳ್ಯಾದ. ಮುನ್ನೂರೈವತ್ತು ರೂಪಾಯಿ ಕೆಲಸ."

ರೇವತಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ನಾಲ್ಕು ಲಕ್ಷ ಎಂದು ಆ ಮನುಷ್ಯ ನಂಬಿದ್ದಾನೆ, ನಂಬಿ ತಾನಾಗಿ ಬೆಲೆ ಇಳಿಸಿದ್ದಾನೆ, ತನ್ನ ಮನೆಯ ತಪ್ಪನ್ನೂ ತಾನೇ ಬಾಯಿಬಿಟ್ಟು ಹೇಳಿದ್ದಾನೆ. ಅದನ್ನು ನೆನೆದರೆ ಅವಳಿಗೂ ಮುಳ್ಳು ಚುಚ್ಚಿದಂತಾಯಿತು. ಆದರೆ ತಿಂಗಳ ಕೊನೆಗೆ ಹದಿನೆಂಟೇ ದಿನ ಉಳಿದಿತ್ತು.

"ಇದನ್ನ ಯಾರ ಮುಂದೂ ಹೇಳಬ್ಯಾಡ್ರಿ. ನನ್ನ ಮ್ಯಾಲ ಆಣಿ ಮಾಡ್ರಿ."

"ಹೇಳಂಗಿಲ್ಲ," ಎಂದು ಅವನು ಅವಳ ತಲೆ ಮುಟ್ಟಿ ಆಣೆ ಮಾಡಿದ. ಆಣೆ ತಪ್ಪುವ ಗಂಡಸಲ್ಲ ಅವನು, ಅದು ಅವಳಿಗೆ ಗೊತ್ತು. ರಾತ್ರಿ ನೆಮ್ಮದಿಯಿಂದ ಮಲಗಿದಳು.

ಮಂಗಳವಾರ ಸಂಜೆ ಜಾಫರನ ಫೋನು ಬಂತು.

"ಅಕ್ಕ, ಏನ್ ಮಾಡ್ಬಿಟ್ರು ನಿಮ್ ಯಜಮಾನ್ರು. ಇಪ್ಪತ್ತು ವರ್ಷದಿಂದ ಬ್ರೋಕರ್ ಕೆಲಸ ಮಾಡ್ತಾ ಇದೀನಿ, ಕೊಂಡ್ಕೊಳ್ಳೋಕ್ ಮುಂಚೆ ಬಂದು ರಿಪೇರಿ ಮಾಡ್ಕೊಟ್ಟ ಪಾರ್ಟೀನ ನಾನ್ ನೋಡಿಲ್ಲ."

ಗೋಡೆ ರಿಪೇರಿಯಾಗಿತ್ತು. ರೇಟು ಮತ್ತೆ ನಲವತ್ತೆರಡಕ್ಕೆ ಏರಿತ್ತು. ಅಷ್ಟೇ ಅಲ್ಲ, ಪಿಜಿ ನಡೆಸುವ ನರೇಶ್ ಎನ್ನುವವನು ಸಂಜೆಯೇ ಬಂದು ನೋಡಿ ನಲವತ್ತಕ್ಕೆ ಸೈ ಎಂದು ಹೋಗಿದ್ದ. "ನಾಳೆ ಸಂಜೆ ತನಕ ಯಜಮಾನ್ರು ಕಾಯ್ತಾರಂತೆ. ನಿಮಗೆ ಮಾತು ಕೊಟ್ಟಿದ್ರಲ್ಲ ಬುಧವಾರ ಅಂತ, ಅದಕ್ಕೆ. ಆಮೇಲೆ ನನ್ನ ಕೇಳ್ಬೇಡಿ."

ಶಿವಪುತ್ರ ಮನೆಗೆ ಬಂದಾಗ ಮೊಣಕೈವರೆಗೂ ಸಿಮೆಂಟು, ಮುಖದ ಮೇಲೆ ಎರಡು ದಿನದಿಂದ ಇಲ್ಲದ ಬೆಳಕು.

"ಆಣಿ ಮಾಡಿದ್ರಿ," ಎಂದಳು ರೇವತಿ. ದನಿ ಏರಿಸಲಿಲ್ಲ. ಅವಳಿಗೆ ನಿಜಕ್ಕೂ ಸಿಟ್ಟು ಬಂದಾಗ ದನಿ ಏರುತ್ತಿರಲಿಲ್ಲ.

"ನಾ ಒಂದ್ ಮಾತೂ ಹೇಳಿಲ್ಲ," ಎಂದ ಅವನು. ಅದು ಅಕ್ಷರಶಃ ನಿಜವಾಗಿತ್ತು. ಚೀಲ ಹಿಡಿದು ಹೋಗಿದ್ದ, ಗೋಡೆ ತೋರಿಸಿ ಕೈಸನ್ನೆಯಲ್ಲೇ ಅಪ್ಪಣೆ ಕೇಳಿದ್ದ, ಒಡೆದಿದ್ದ, ಸೀಳಿದ ಎಲ್ಬೋ ತೆಗೆದು ಯಜಮಾನರ ಅಂಗೈಯಲ್ಲಿಟ್ಟಿದ್ದ, ಹೊಸದು ಹಾಕಿ ಗಾರೆ ಬಳಿದು ಬಂದಿದ್ದ. "ಹೇಳಬ್ಯಾಡ್ರಿ ಅಂದಿದ್ದಿ. ಮಾಡಬ್ಯಾಡ್ರಿ ಅಂದಿರಲಿಲ್ಲ. ಒಳಗ ನೀರು ಹನೀಲತ್ತಾದ ಅಂತ ಗೊತ್ತಿದ್ದು ಬುಧವಾರ ತನಕ ಹ್ಯಾಂಗ ಬಿಡಬೇಕು? ನಾಳಿ ನಮ್ಮದೇ ಆಗೋ ಗ್ವಾಡಿ ಅಲ್ಲೇನು ಅದು?"

ಅವಳು ಬಾಗಿಲು ತೆರೆದು ಹೊರಗಿನ ಮೆಟ್ಟಿಲ ಮೇಲೆ ಹೋಗಿ ಕೂತಳು. ಅಳು ಬಂತು, ಅತ್ತಳು. ತನ್ನ ಮೇಲೂ ಸಿಟ್ಟು. ಭಾನುವಾರ ಮೂವತ್ತಾರಕ್ಕೆ ಹೂಂ ಎಂದಿದ್ದರೆ ಈ ಮನುಷ್ಯ ಬೇಕಾದಷ್ಟು ಪೈಪು ಬದಲಾಯಿಸಿಕೊಳ್ಳಲಿ ಎಂದು ನಗಬಹುದಿತ್ತು. ಒಂದು ಲಕ್ಷದ ಆಸೆಗೆ ಬಿದ್ದು ಮನೆಯನ್ನೇ ಕೈಯಿಂದ ಜಾರಿಸಿಕೊಂಡವಳು ತಾನು.

ಬುಧವಾರ ಬೆಳಗ್ಗೆ ಎಂದಿನಂತೆ ಹಿಟ್ಟು ನಾದಿ ಕೂತಳು. ಮೆಲ್ಲಗೆ ಬಡಿಯಬೇಕು ಎಂಬುದೂ ನೆನಪಿರಲಿಲ್ಲ. ಮೇಲಿನ ಮನೆಯವರು ನೆಲ ಕುಟ್ಟಿದರು, ಇವಳು ರೊಟ್ಟಿ ಕುಟ್ಟಿದಳು. ಮೂವತ್ತೆಂಟು ಮತ್ತು ನಲವತ್ತು, ನಡುವೆ ಎರಡು ಲಕ್ಷ. ಒಡವೆ ಎಲ್ಲ ಆಗಲೇ ಮೂವತ್ತೆಂಟರೊಳಗೆ ಸೇರಿಹೋಗಿತ್ತು. ಮೂವತ್ತೆಂಟಕ್ಕೇ ಕೊಡಿ ಎಂದು ಕೇಳಿದರೆ ಅದು ವ್ಯಾಪಾರವಲ್ಲ, ಭಿಕ್ಷೆ. ಬೇಡುವುದು ಅವಳಿಗೆ ಬರುತ್ತಿರಲಿಲ್ಲ. ತನ್ನ ಹತ್ತಿರ ಇದ್ದು ಆ ನರೇಶನ ಹತ್ತಿರ ಇಲ್ಲದ್ದು ಏನಾದರೂ ಇರಬೇಕಲ್ಲ ಎಂದು ಯೋಚಿಸುತ್ತ ಬಡಿದಳು.

ಶಿವಪುತ್ರ ಒಲೆಯ ಪಕ್ಕ ಚಹಾ ಕಾಸುತ್ತಿದ್ದ. ಹಿಂದಿನ ಸಂಜೆಯಿಂದ ಅವನೊಡನೆ ಅವಳು ಮಾತಾಡಿರಲಿಲ್ಲ.

"ನೀವು ಗ್ವಾಡಿ ಒಡೆಯೋ ಮುಂದ ಆ ಯಜಮಾನ್ರು ಏನು ಮಾಡ್ಲತ್ತಿದ್ರು?" ಎಂದು ಕೇಳಿದಳು.

"ಸ್ಟೂಲ್ ಹಾಕ್ಕೊಂಡು ಬಾಜೂಕೇ ಕುಂತಿದ್ರು. ಆ ಎಲ್ಬೋ ಕೈಯಾಗ ಹಿಡ್ಕೊಂಡು ತಿರುವಿ ತಿರುವಿ ನೋಡಿದ್ರು. ಹೊಸಕೋಟೆ ಮನಿ ಗ್ವಾಡಿ ಎದ್ದಾವಂತ, ಇನ್ನ ಗಾರಿ ಶುರು ಆಗಬೇಕಂತ. ಕಂಟ್ರಾಕ್ಟರ್ ಮ್ಯಾಲ ನಂಬಿಕಿ ಇಲ್ಲಂತ. ಸಿಮೆಂಟ್ ಎಷ್ಟು ಹಾಕ್ತಾನ, ಮರಳು ಎಷ್ಟು ಹಾಕ್ತಾನ ಒಂದೂ ತಿಳೀವಲ್ದು, ನೀವೊಂದಿನ ಬಂದು ನೋಡ್ರಿ ಮೇಸ್ತ್ರಿ ಅಂದ್ರು."

"ನೀವೇನಂದ್ರಿ?"

"ಏನಂತೀನಿ? ಆಣಿ ಮಾಡಿದ್ನಲ್ಲ. ಸುಮ್ಮನ ಇದ್ದೆ."

ರೇವತಿಯ ಕೈ ನಿಂತಿತು. ಅರ್ಧ ಬಡಿದ ರೊಟ್ಟಿಯನ್ನು ಹಾಗೇ ಬಿಟ್ಟು ಗಂಡನನ್ನು ನೋಡಿದಳು, ಸಂತೆಯಲ್ಲಿ ಒಳ್ಳೆಯ ಜೋಳದ ರಾಶಿ ನೋಡುವ ಹಾಗೆ. ಆಮೇಲೆ ಉಳಿದ ಎಂಬತ್ತು ರೊಟ್ಟಿಯನ್ನು ಹಾಡು ಗುನುಗಿಕೊಂಡು ಬಡಿದು ಮುಗಿಸಿದಳು.

ಸಂಜೆ ಒಳ್ಳೆಯ ಸೀರೆ ಉಟ್ಟು, ಎಲೆ ಅಡಿಕೆ ಕಟ್ಟಿಸಿಕೊಂಡು ಹೊರಟಳು. ಗಂಡನಿಗೂ ಇಸ್ತ್ರಿ ಅಂಗಿ ಹಾಕಿಸಿದಳು. ಅಂಜನಮೂರ್ತಿಯವರ ಹಾಲಿನಲ್ಲಿ ಜಾಫರ್ ಆಗಲೇ ಬಂದು ಕೂತಿದ್ದ, ಸಾವಿನ ಮನೆಗೆ ಬಂದವನ ಮುಖ ಹಾಕಿಕೊಂಡು. ಆದಿಲಕ್ಷ್ಮಿ ಕಾಫಿ ತಂದುಕೊಟ್ಟರು. ರೇವತಿ ಲೋಟ ಖಾಲಿಯಾಗುವವರೆಗೆ ಕಾದಳು.

"ಸಾರ್, ನನ್ನ ಹತ್ರ ಇರೋದು ಮೂವತ್ತೆಂಟು. ಕೊನೇ ರೇಟನ್ನ ಮೊದಲೇ ಹೇಳ್ತಾ ಇದೀನಿ. ನಾನು ಹೀಗೆ ಯಾವತ್ತೂ ವ್ಯಾಪಾರ ಮಾಡಿದವಳಲ್ಲ."

"ನರೇಶ್ ನಲವತ್ತು ಅಂದಿದಾನಮ್ಮ," ಎಂದರು ಅಂಜನಮೂರ್ತಿ. ಅವರಿಗೂ ಸಂಕೋಚವಾಗಿತ್ತು. "ನಿಮ್ಮ ಯಜಮಾನ್ರು ಮಾಡಿದ ಉಪಕಾರ ದೊಡ್ಡದು, ಇಲ್ಲ ಅನ್ನಲ್ಲ. ಅದರ ಕೂಲಿ ಎಷ್ಟು ಅಂದ್ರೂ ಕೊಡ್ತೀನಿ. ಆದ್ರೆ ಎರಡು ಲಕ್ಷ ಬಿಡೋ ಸ್ಥಿತೀಲಿ ನಾನಿಲ್ಲ. ಹೊಸ ಮನೆ ಬಾಯಿ ತೆರ್ಕೊಂಡ್ ಕೂತಿದೆ."

"ಬಿಡಿ ಅಂತ ನಾನ್ ಕೇಳ್ತಿಲ್ಲ ಸಾರ್. ಮೊದಲು ಒಂದು ವಿಷಯ ಹೇಳ್ಬಿಡ್ತೀನಿ. ಆ ಗೋಡೆ ಪಾಯದಿಂದ ಹಾಳಾಗಿಲ್ಲ, ಪೈಪಿಂದ ಅಂತ ಇವರಿಗೆ ಭಾನುವಾರವೇ ಗೊತ್ತಾಗಿತ್ತು. ನನಗೂ ಹೇಳಿದ್ರು. ನಾನೇ ನಿಮಗೆ ಹೇಳಬೇಡಿ ಅಂದೆ."

ಜಾಫರ್ ಕಣ್ಣು ಮುಚ್ಚಿಕೊಂಡ. ಆದಿಲಕ್ಷ್ಮಿಯ ಮುಖ ಬಿಗಿಯಿತು. ರೇವತಿ ಅದನ್ನು ನೋಡಿಯೂ ನಿಲ್ಲಿಸಲಿಲ್ಲ.

"ನನ್ನ ತಲೆ ಮುಟ್ಟಿಸಿ ಆಣೆ ಮಾಡಿಸ್ಕೊಂಡಿದ್ದೆ. ಮೂವತ್ತಾರಕ್ಕೋ ಮೂವತ್ತೈದಕ್ಕೋ ಮನೆ ಹೊಡ್ಕೊಳ್ಳೋಣ ಅಂತ. ನನಗೆ ಮನೆ ಅಷ್ಟು ಬೇಕಾಗಿತ್ತು, ತಪ್ಪಾಯ್ತು. ಈಗ ನೀವು ಒಂದು ಯೋಚನೆ ಮಾಡಿ ಸಾರ್. ಹೆಂಡ್ತಿ ಆಣೆ ಹಾಕಿಸಿದ್ರೂ, ಲಕ್ಷಗಟ್ಟಲೆ ಲಾಭ ಕಣ್ಮುಂದೆ ಇದ್ರೂ, ಕೆಟ್ಟ ಗೋಡೇನ ಕೆಟ್ಟದ್ದಾಗೇ ಬಿಡೋಕಾಗದ ಮೇಸ್ತ್ರಿ ಇವರು. ಹೊಸಕೋಟೇಲಿ ನಿಮ್ಮ ಮನೆ ಗಾರೆಗೆ ಇಂಥವರೊಬ್ಬರು ನಿಂತ್ರೆ ಅದರ ಬೆಲೆ ಎಷ್ಟು?"

ಅಂಜನಮೂರ್ತಿ ಶಿವಪುತ್ರನ ಕಡೆ ನೋಡಿದರು. ಅವನು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ಮೂವತ್ತೆಂಟು ಲಕ್ಷ ದುಡ್ಡು," ಎಂದಳು ರೇವತಿ. "ಉಳಿದ ಎರಡು ಲಕ್ಷಕ್ಕೆ ಇವರ ನಲವತ್ತು ದಿನದ ಕೆಲಸ."

"ನಲವತ್ತು ದಿನಕ್ಕೆ ಎರಡು ಲಕ್ಷನಾ?" ಅಂಜನಮೂರ್ತಿಗೆ ನಗು ಬಂತು. "ಮೇಸ್ತ್ರಿ ಕೂಲಿ ಸಾವಿರದ ಇನ್ನೂರು ನಡೀತಾ ಇದೆ ಕಣಮ್ಮ ಇವತ್ತು."

"ಅದು ಬಾಯಿ ಮುಚ್ಕೊಂಡು ಬಳಿಯೋ ಮೇಸ್ತ್ರಿಗೆ ಸಾರ್. ಸಿಮೆಂಟ್ ಕಮ್ಮಿ ಬಿದ್ರೆ ಕಂಟ್ರಾಕ್ಟರ್ ಮುಖದ ಮೇಲೇ ಹೇಳೋರಿಗೆ ಆ ಕೂಲಿ ಅಲ್ಲ. ನಾಲ್ಕು ಲಕ್ಷ ಅಂದ ನಿಮ್ಮ ಎಂಜಿನಿಯರ್ ನೋಡೋಕೆ ಎಷ್ಟು ತಗೊಂಡ?"

"ಐದು ಸಾವಿರ," ಎಂದು ಬಾಗಿಲ ಹತ್ತಿರದಿಂದ ಆದಿಲಕ್ಷ್ಮಿಯೇ ಹೇಳಿದರು. "ಅರ್ಧ ಗಂಟೆ ಇದ್ದ. ನನ್ನ ಕೈಯಲ್ಲಿ ಎರಡು ಸಲ ಕಾಫಿ ಮಾಡಿಸ್ಕೊಂಡ."

"ನಮ್ಮವರು ದಿನಪೂರ್ತಿ ಇರ್ತಾರಕ್ಕ, ಅದೇ ಐದು ಸಾವಿರಕ್ಕೆ," ಎಂದಳು ರೇವತಿ.

ಅಂಜನಮೂರ್ತಿ ಎದ್ದು ಅಡುಗೆಮನೆಗೆ ಹೋದರು. ಗೋಡೆಗೆ ಕೈಯಿಟ್ಟು ನೋಡಿದ್ದಿರಬೇಕು, ಸ್ವಲ್ಪ ಹೊತ್ತು ಬರಲಿಲ್ಲ. ಬಂದವರು ಹೆಂಡತಿಯ ಮುಖ ನೋಡಿದರು. ಆಕೆ ಬಿಗಿದ ಮುಖ ಪೂರ್ತಿ ಸಡಿಲಿಸದೆಯೇ ತಲೆಯಾಡಿಸಿದರು.

"ಅರವತ್ತು ದಿನ," ಎಂದರು ಅಂಜನಮೂರ್ತಿ.

"ಐವತ್ತು. ಭಾನುವಾರ ರಜ. ರೊಟ್ಟಿ ನಾನು ಕಟ್ಟಿಕೊಡ್ತೀನಿ, ಪಲ್ಯ ನಿಮ್ಮದು."

"ಸಾರು ಕೊಡ್ತೀವಮ್ಮ, ನಮಗೆ ನಿಮ್ಮ ಪಲ್ಯ ಮಾಡೋಕ್ ಬರಲ್ಲ," ಎಂದರು ಆದಿಲಕ್ಷ್ಮಿ. ಜಾಫರ್ ಕಣ್ಣು ತೆರೆದು, ಮುಗೀತಾ ಎಂದು ಕೇಳಿದ. ಮುಗಿದಿತ್ತು. ರೇವತಿ ಎಲೆ ಅಡಿಕೆಯ ಮೇಲೆ ಹತ್ತು ಸಾವಿರದ ಒಂದು ರೂಪಾಯಿ ಮುಂಗಡ ಇಟ್ಟಳು. ಐವತ್ತು ದಿನದ ಕರಾರನ್ನು ಜಾಫರ್ ಕೈಬರಹದಲ್ಲಿ ಬರೆದ, ಶಿವಪುತ್ರ ಸಹಿ ಹಾಕಿದ. ಬಾಡಿಗೆ ರೂಮಿನ ಗಡುವಿನ ವಿಷಯ ಕೇಳಿ, ರಿಜಿಸ್ಟ್ರೇಷನ್ ಆಗೋ ತನಕ ಕಾಯಬೇಡ, ಸೋಮವಾರದಿಂದಲೇ ಬಂದು ಇಲ್ಲಿ ರೊಟ್ಟಿ ಮಾಡ್ಕೋ ಎಂದು ಆದಿಲಕ್ಷ್ಮಿ ಅಡುಗೆಮನೆಯ ಒಂದು ಬೀಗದ ಕೈ ಕೊಟ್ಟರು.

ವಾಪಸು ಬರುವಾಗ ರೈಲ್ವೆ ಗೇಟು ಹಾಕಿತ್ತು. ಬೈಕುಗಳ ಸಾಲಿನ ಪಕ್ಕ ಇಬ್ಬರೂ ನಿಂತರು. ರೇವತಿ ಬೀಗದ ಕೈಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಶಿವಪುತ್ರ ಗಂಟಲು ಸರಿಮಾಡಿಕೊಳ್ಳುತ್ತಲೇ ಇದ್ದ.

"ನನ್ನ ಒಂದ್ ಮಾತು ಕೇಳಲಾರದ ಐವತ್ತು ದಿನ ಬರಸಿಬಿಟ್ಟಿ," ಎಂದ ಕೊನೆಗೆ.

"ಕೇಳಿದ್ರ ನೀವು ಅವರಿಗೆ ಪುಗಸಟ್ಟೆ ಬರ್ತೀನಿ ಅಂತಿದ್ರಿ."

ಅದು ಸುಳ್ಳೆಂದು ಅವನು ವಾದಿಸಲಿಲ್ಲ. ಬೆರಳಿನ ಮೇಲೆ ಏನೋ ಎಣಿಸಿದ, ತಪ್ಪಿತು, ಮತ್ತೆ ಎಣಿಸಿದ. ಗೂಡ್ಸ್ ಗಾಡಿ ಬಂದು ಅವರ ಮುಂದೆ ಹಾದುಹೋಗಲು ಬಹಳ ಹೊತ್ತು ಹಿಡಿಯಿತು. ಅದರ ಸದ್ದು ಇಳಿಯುವವರೆಗೂ ಅವನು ಕಾದ.

"ದಿನಕ್ಕ ನಾಲ್ಕು ಸಾವಿರ ಬಿತ್ತು," ಎಂದ. ದನಿ ಸಣ್ಣಗಾಗಿತ್ತು. "ಇಷ್ಟು ವರ್ಷ ದುಡಿದೀನಿ, ಸಾವಿರದ ಇನ್ನೂರರ ಮ್ಯಾಲ ನನಗ ಯಾರೂ ಕೊಟ್ಟಿಲ್ಲ. ಅಷ್ಟು ಬೆಲಿ ಬಾಳ್ತೀನಿ ಅಂತ ನಿನಗ ಹ್ಯಾಂಗ ಗೊತ್ತಿತ್ತು?"

ಹದಿನಾಲ್ಕು ವರ್ಷ ಅವಳು ಈ ಮನುಷ್ಯನನ್ನು ಕೆಮ್ಮಿ, ಚಿವುಟಿ, ಆಣೆ ಹಾಕಿಸಿ ಸುಮ್ಮನಿರಿಸುತ್ತ ಬಂದಿದ್ದಳು.

"ಗೊತ್ತಿರಲಿಲ್ಲರಿ," ಎಂದಳು. "ಇವತ್ತು ಮುಂಜಾನಿ ತನಕ ನನಗೂ ಗೊತ್ತಿರಲಿಲ್ಲ."